ಮೊಣಕಾಲುದ್ದದ ಕಡಲು

ಅತಾಯಾ, ಕೆರ್ಕೆನ್ನಾ
ಏಪ್ರಿಲ್ ೨

ಪ್ರೀತಿಯ ಎಮ್ನಾ,

ನಿನಗೂ ಸೀರೀನ್‌ಗೂ ದೇವರು ಆರೋಗ್ಯ ಕೊಡಲಿ. ನೀನು ಚಳಿಗಾಲದಲ್ಲಿ ಕಳಿಸಿದ ಉಣ್ಣೆಯ ಶಾಲು ಬಂದು ಎರಡು ತಿಂಗಳಾಯಿತು. ತಲುಪಿತು ಎಂದು ಬರೆಯಲು ಇಷ್ಟು ತಡಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಾವಿಬ್ಬರೂ ಗಾಳಿ ಹೇಗಿದೆ, ಫೆರ್ರಿ ಬಿಟ್ಟಿತಾ ಎಂದು ಕೇಳಿ ಇಟ್ಟುಬಿಡುತ್ತೇವೆ. ಕಾಗದವನ್ನಾದರೆ ನೀನು ಕೊನೆಯವರೆಗೂ ಓದುತ್ತೀಯ. ಆರನೇ ತರಗತಿಗೆ ಶಾಲೆ ಬಿಟ್ಟವಳ ಅಕ್ಷರ, ಸಹಿಸಿಕೋ. ದಿನವೂ ಎರಡು ಸಾಲು ಬರೆದಿಡುವ ಅಭ್ಯಾಸ ನನಗಿದೆಯಲ್ಲ, ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

ಹೋದ ವಾರ ಟ್ಯೂನಿಸ್‌ನಿಂದ ಐದಾರು ಹೆಂಗಸರು ಬೆನ್ನಿಗೆ ಚೀಲ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. "ನೆಜೀಬ್ ಇದಾರಾ?" ಎಂದರು. ಹಿಂದೊಮ್ಮೆ ಅವನ ಜೊತೆ ದ್ವೀಪ ಸುತ್ತಿದ್ದರಂತೆ. ಇಲ್ಲ ಎಂದೆ. ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿದರು. ಸೆಪ್ಟೆಂಬರಿನಲ್ಲಿ ತೀರಿಕೊಂಡ ಎಂದು ಹೇಳುವಷ್ಟರಲ್ಲಿ ಚಹಾ ಉಕ್ಕಿ ಒಲೆ ಆರಿಹೋಗಿತ್ತು. ಅವರು ಚೀಲ ಹೊತ್ತುಕೊಂಡು ವಾಪಸ್ಸು ಹೊರಟರು. ನನಗೇನಾಯಿತೋ, ಒಲೆ ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ಇತ್ತು, "ನಿಲ್ಲಿ, ನಾನು ಕರ್ಕೊಂಡು ಹೋಗ್ತೀನಿ" ಎಂದುಬಿಟ್ಟೆ.

ನನ್ನ ಮಗ ನಡೆಸಿದ ದಾರಿಯಲ್ಲೇ ನಡೆಸಿದೆ. ಮುರಿದ ಕೋಟೆಯ ಗೋಡೆ ಹತ್ತಿಸಿದೆ. ನೀರಾ ಇಳಿಸಲೆಂದು ತಲೆ ಕತ್ತರಿಸಿದ ಖರ್ಜೂರದ ಮರಗಳ ನಡುವೆ ಉಪ್ಪಿನ ಬಯಲಿಗೆ ಕರೆದೊಯ್ದೆ. ಫ್ಲೆಮಿಂಗೋ ಹಕ್ಕಿಗಳು ಇನ್ನೂ ಹೋಗಿರಲಿಲ್ಲ. ಆಮೇಲೆ ಇಳಿತದ ಹೊತ್ತಿಗೆ ಕಡಲಿಗೆ ಇಳಿದೆವು, ಆಚೆ ಇರುವ ಪುಟ್ಟ ನಡುಗಡ್ಡೆ, ಆ ಕುದುರಿನ ಅಂಜೂರದ ಮರಗಳನ್ನು ನೋಡಲು. ನಮ್ಮ ಮಕ್ಕಳಿಗೆ ಮೊದಲು ಹೇಳಿಕೊಡುವುದನ್ನೇ ಅವರಿಗೂ ಹೇಳಿದೆ. ಕಾಲು ಎತ್ತಬೇಡಿ, ಮರಳಿನ ಮೇಲೆ ಎಳೆದು ನಡೆಯಿರಿ, ತೊರಕೆ ಮೀನು ಮಲಗಿರುತ್ತದೆ, ಮೆಟ್ಟಿದರೆ ಮುಳ್ಳು ಚುಚ್ಚುತ್ತದೆ. ಸಾಲಾಗಿ ಕಾಲೆಳೆಯುತ್ತಾ ನಗುತ್ತಾ ಬಂದರು. ಮೀನು ಹಿಡಿಯಲು ನೀರಲ್ಲಿ ನೆಟ್ಟ ಬೇಲಿಯ ಖರ್ಜೂರದ ಗರಿಗಳನ್ನು ಮುಟ್ಟಿ ನೋಡಿದರು.

ನೀರು ಕಪ್ಪಗಾಗುವ ಕಡೆ ನಾನು ನಿಂತೆ. ಯಾವ ಜಾಗ ಎಂದು ನಿನಗೆ ಗೊತ್ತು. ಅಲ್ಲಿಂದಾಚೆ ಹಮ್ಮೂದಾನ ದೋಣಿಗೆ ಹೇಳಿದ್ದೆ, ಅವನು ಎಂದಿನಂತೆ ತಡ. ಅವರಲ್ಲಿ ಮದಾಂ ರಫ್ಲಾ ಎಂಬಾಕೆ ಔಷಧಿ ಅಂಗಡಿ ಇಟ್ಟಿದ್ದವಳು. ಚೀಲವನ್ನು ನನ್ನ ಕೈಗಿತ್ತು, ಕೊರೆಯುವ ನೀರಿನಲ್ಲಿ ಈಜಿಕೊಂಡು ಕುದುರು ಸೇರಿಬಿಟ್ಟಳು. ಅಲ್ಲಿಂದ ಕೂಗಿದಳು, "ಬನ್ನಿ ಅಕ್ಕಾ."

"ನನಗೆ ಈಜು ಬರಲ್ಲ."

"ದ್ವೀಪದಲ್ಲಿ ಹುಟ್ಟಿ ಈಜು ಬರಲ್ವಾ?"

"ನಮ್ಮ ಓಣೀಲಿ ಯಾರಿಗೂ ಬರಲ್ಲ. ನಮ್ಮ ಕಡಲು ಮೊಣಕಾಲುದ್ದ. ಮೊಣಕಾಲಲ್ಲಿ ಏನು ಈಜೋದು?"

"ಇದು ಮೊಣಕಾಲುದ್ದಾನಾ?" ಎಂದಳು. ಆಮೇಲೆ ನೀರಿಗಿಳಿದು ಕೈ ಮೇಲೆತ್ತಿ ಕೆಳಗೆ ಹೋದಳು. ಬೆರಳೂ ಕಾಣಲಿಲ್ಲ.

ಮೊಣಕಾಲಿನ ನೀರಿನಲ್ಲಿ ದ್ವೀಪದ ಗಂಡಸು ಬೇಕೆಂದೇ ಅಲ್ಲದೆ ಮುಳುಗುತ್ತಾನಾ ಎಂದು ಬೇಕರಿ ಮುಂದೆ ಹೆಂಗಸರು ಆಡಿಕೊಂಡಿದ್ದು ನಿನಗೂ ಕೇಳಿಸಿತ್ತು, ನನಗೂ ಕೇಳಿಸಿತ್ತು. ಇಬ್ಬರೂ ಕೇಳಿಸದವರಂತೆ ಬ್ರೆಡ್ ತೆಗೆದುಕೊಂಡು ಬಂದೆವು. ಹದಿನೈದು ದಿನಕ್ಕೆ ನೀನು ಮಗುವಿನ ಬಟ್ಟೆ ಗಂಟು ಕಟ್ಟಿಕೊಂಡು ಸ್ಫಾಕ್ಸ್‌ಗೆ ಅಣ್ಣನ ಮನೆಗೆ ಹೋದೆ. ನಾನು ತಡೆಯಲಿಲ್ಲ.

ಈಗ ಒಂದು ಮಾತು ಕೇಳುತ್ತೇನೆ. ಶಾಲೆ ಮುಗಿದ ಮೇಲೆ ಸೀರೀನ್‌ಳನ್ನು ಬೇಸಿಗೆಗೆ ಕಳಿಸು. ಅವಳು ಅಪ್ಪನ ದ್ವೀಪವನ್ನು ಮರೆಯಬಾರದು.

ನಿನ್ನ ಅತ್ತೆ,
ಮೆಹ್ರೆಜಿಯಾ

ಮರೆತಿದ್ದೆ: ಹೆಂಗಸರು ಕೊಟ್ಟ ಹಣದಲ್ಲಿ ಸೀರೀನ್‌ಗೆ ಚಪ್ಪಲಿ ತೆಗೆದಿದ್ದೇನೆ. ಅವಳ ಕಾಲಿನ ಅಳತೆ ಈಗ ಎಷ್ಟೋ ನನಗೆ ತಿಳಿಯದು, ಒಂದು ಅಳತೆ ದೊಡ್ಡದೇ ತಂದೆ.

*

ಅತಾಯಾ
ಮೇ ೯

ಎಮ್ನಾ,

ನಿನ್ನ ಎರಡು ಸಾಲಿನ ಉತ್ತರ ಬಂತು. "ಅತ್ತೆ, ಬೇರೆ ಏನು ಬೇಕಾದರೂ ಕೇಳಿ. ನನ್ನ ಮಗಳ ಕಾಲು ಕಡಲಿಗೆ ತಾಗುವುದಿಲ್ಲ." ಸಿಟ್ಟಾಗಲಿಲ್ಲ. ಮಡಚಿ ಕುರಾನಿನ ಕೆಳಗೆ ಇಟ್ಟಿದ್ದೇನೆ. ಆದರೆ ಒಪ್ಪಲೂ ಇಲ್ಲ.

ನಾನು ಈಜು ಕಲಿಯುತ್ತಿದ್ದೇನೆ. ನಗು ಬಂದರೆ ನಗು, ನಿನ್ನ ನಗು ಕೇಳಿ ಬಹಳ ದಿನವಾಯಿತು.

ಮದಾಂ ರಫ್ಲಾ ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ. ಗಂಡನ ಜೊತೆ ಜಗಳವೋ ಏನೋ, ನಾನು ಕೇಳಲಿಲ್ಲ, ಅವಳೂ ನನ್ನನ್ನು ಏನೂ ಕೇಳಲಿಲ್ಲ. ಬೆಳಗಿನ ನಮಾಜು ಮುಗಿಸಿ ಇಬ್ಬರೂ ಕೋಟೆಯ ತನಕ ನಡೆಯುತ್ತೇವೆ. ಕೋಟೆಯ ಹಿಂದೆ ಒಂದು ಗುಂಡಿಯಂಥ ಜಾಗವಿದೆ, ದಾರಿಯಿಂದ ಕಾಣುವುದಿಲ್ಲ. ನಾನು ಉದ್ದ ಅಂಗಿಯ ಒಳಗೆ ನೆಜೀಬ್‌ನ ಹಳೆಯ ಪ್ಯಾಂಟು ಹಾಕಿಕೊಂಡು ಇಳಿಯುತ್ತೇನೆ.

ಕಷ್ಟ ಯಾವುದು ಗೊತ್ತಾ? ಕೈ ಬೀಸುವುದಲ್ಲ, ಉಸಿರು ಹಿಡಿಯುವುದಲ್ಲ. "ನೆಲ ಬಿಡಿ ಅಕ್ಕಾ" ಎನ್ನುತ್ತಾಳೆ. ಬಿಡಲು ಆಗುವುದಿಲ್ಲ. ನಡೆಯಲು ಕಲಿತಾಗಿನಿಂದ ಕಡಲಲ್ಲಿ ಕಾಲೆತ್ತಬೇಡ ಎಂದು ಕೇಳಿ ಬೆಳೆದವಳು ನಾನು, ನಾಲ್ಕು ಮಕ್ಕಳಿಗೆ ಅದನ್ನೇ ಹೇಳಿಕೊಟ್ಟವಳು. ತಲೆ ಬಿಡು ಎನ್ನುತ್ತದೆ, ಹೆಬ್ಬೆರಳು ಮರಳನ್ನು ಹುಡುಕುತ್ತದೆ. ಮೊದಲ ವಾರ ನಾನು ಕುಡಿದಷ್ಟು ಉಪ್ಪುನೀರನ್ನು ಯಾವ ಮೀನೂ ಕುಡಿದಿರಲಾರದು.

ಗುಟ್ಟಾಗಿ ಉಳಿಯುವ ಊರೇ ಇದು? ಹಮ್ಮೂದಾ ಬಾಗಿಲಿಗೇ ಬಂದ. ನಿನ್ನ ಮಾವನ ತಮ್ಮನ ಮಗನಾದರೂ ನನ್ನನ್ನು ಅತ್ತಿಗೆ ಎಂದೇ ಕರೆದು ರೂಢಿ.

"ಅತ್ತಿಗೆ, ನಿಮ್ಮನ್ನ ನೋಡಿ ಆಕ್ಟೋಪಸ್‌ಗಳೆಲ್ಲಾ ನಾನು ಅವನ್ನ ಹಿಡಿಯೋಕೆ ಮುಳುಗಿಸಿಟ್ಟ ಗಡಿಗೆ ಖಾಲಿ ಮಾಡ್ಕೊಂಡು ಓಡಿಹೋದ್ವು. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

"ನಿನ್ನ ಗಡಿಗೆಗಿಂತ ನಾನು ದಪ್ಪ ಇದೀನಿ ಅಂತ ತಾನೇ ಹೇಳೋಕೆ ಬಂದಿದ್ದು?"

"ದೇವರಾಣೆ ಇಲ್ಲ. ಮುಳುಗಲ್ಲ ಅಂತ ಧೈರ್ಯ ಹೇಳೋಕೆ ಬಂದೆ."

ಆಮೇಲೆ ಚಹಾ ಕುಡಿಯುತ್ತಾ ನಿಧಾನವಾಗಿ ಹೇಳಿದ, "ಆ ನೀರು ಕಪ್ಪಗಾಗೋ ಕಾಲುವೆ ನಮ್ಮಪ್ಪನ ಕಾಲದಲ್ಲಿ ಮಂಡಿ ಮಟ್ಟ ಇತ್ತು. ಬಲೆ ಎಳೆಯೋ ದೋಣಿಗಳು ಕಡಲಹುಲ್ಲು ಕೆರೆದುಹಾಕಿದ್ಮೇಲೆ ಮರಳು ನಿಲ್ತಾ ಇಲ್ಲ. ಹೋದ ವರ್ಷ ಬೇಲಿ ಕಂಬ ನೆಡೋಕೆ ಹೋದೆ, ಕಂಬಕ್ಕೆ ತಳವೇ ಸಿಗಲಿಲ್ಲ. ಇಳಿತದಲ್ಲೂ ಹಾಗೇ. ನಮ್ಮೋರು ಇನ್ನೂ ಹಳೇ ಲೆಕ್ಕದಲ್ಲೇ ನಡೀತಾರೆ."

ಇದನ್ನು ನಿನಗೆ ಬರೆಯಬೇಕು ಅನಿಸಿತು. ಬರೆದೆ. ನಿನ್ನೆ ಬೆಳಿಗ್ಗೆ ನನ್ನ ಎರಡು ಕಾಲೂ ಒಟ್ಟಿಗೆ ನೆಲ ಬಿಟ್ಟವು. ಎಷ್ಟು ಹೊತ್ತು ಎಂದು ಕೇಳಬೇಡ, ಕೋಳಿ ಹಾರಿದಷ್ಟು. ಆದರೆ ಬಿಟ್ಟವು.

ನಿನ್ನ ಅಣ್ಣನಿಗೆ ಸಲಾಮು ಹೇಳು. ಸೀರೀನ್‌ಳ ಹಲ್ಲು ಬಿದ್ದ ಫೋಟೋ ಕಳಿಸು.

ಅತ್ತೆ

*

ಅತಾಯಾ
ಜೂನ್ ೨೪

ಮಗಳೇ ಎಮ್ನಾ,

ದೇವರು ನಿನ್ನನ್ನು ಕಾಪಾಡಲಿ. ಮೇ ತಿಂಗಳ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ, ಫೋಟೋ ಮಾತ್ರ ಕಳಿಸಿದೆ. ಸಾಕು. ಆ ಹಲ್ಲಿಲ್ಲದ ನಗುವನ್ನು ಕನ್ನಡಿಗೆ ಸಿಕ್ಕಿಸಿದ್ದೇನೆ. ನಾನೂ ತಡಮಾಡಿದೆ, ಹೇಳಲು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ. ಈಗ ಆಯಿತು.

ಸೋಮವಾರ ನಾನು ಆಚೆ ಕುದುರಿಗೆ ಹೋಗಿಬಂದೆ. ಹೋಗಿದ್ದು ದೋಣಿಯಲ್ಲಲ್ಲ.

ಮಧ್ಯಾಹ್ನದ ಇಳಿತಕ್ಕೆ ಸರಿಯಾಗಿ ಮನೆಯಿಂದ ಹೊರಟೆ. ಬಾರ್ಲಿ ರೊಟ್ಟಿ, ಸ್ವಲ್ಪ ಹರೀಸಾ ಖಾರ, ಒಂದು ಬಾಟಲಿ ನೀರು ಕಟ್ಟಿಕೊಂಡು ಹಮ್ಮೂದಾನ ದೋಣಿಗೆ ಕೊಟ್ಟೆ. ಅವನು ಸ್ವಲ್ಪ ದೂರದಲ್ಲಿ ಹುಟ್ಟು ಹಾಕುತ್ತಾ ಬಂದ. ರಫ್ಲಾ ನನ್ನ ಪಕ್ಕದಲ್ಲಿ ನಡೆದಳು. ಬಿಸಿಲಿಗೆ ನೀರು ಬೆಚ್ಚಗಿತ್ತು, ಬೇಲಿಗಳ ಗರಿ ಕೀರಲುಗುಟ್ಟುತ್ತಿತ್ತು. ನಾನು ಅಭ್ಯಾಸಬಲದಿಂದ ಕಾಲೆಳೆದುಕೊಂಡೇ ನಡೆದೆ. ಅರ್ಧ ದಾರಿಗೆ ಒಂದು ತೊರಕೆ ಮರಳು ಕೊಡವಿಕೊಂಡು ಎದ್ದುಹೋಯಿತು. ಹಳೆಯದೇನೂ ಸುಳ್ಳಲ್ಲ ಮಗಳೇ, ಒಂದು ಜಾಗಕ್ಕೆ ಮಾತ್ರ ಅದು ಸಾಲುವುದಿಲ್ಲ.

ಕಾಲುವೆಯ ಅಂಚಿಗೆ ಬಂದಾಗ ಹೆಬ್ಬೆರಳಿಗೆ ಗೊತ್ತಾಯಿತು. ಮರಳು ಮೆತ್ತಗಾಗಿ ಕೆಳಗೆ ಜಾರುತ್ತದೆ, ಮೆಟ್ಟಿಲೂ ಇಲ್ಲ, ಇಳಿಜಾರೂ ಇಲ್ಲ. ಒಂದು ಹೆಜ್ಜೆ ತೊಡೆಯ ಮಟ್ಟ, ಮುಂದಿನ ಹೆಜ್ಜೆಗೆ ಏನೂ ಇಲ್ಲ. ಅವನಿಗೂ ಹೀಗೇ ಆಗಿರಬೇಕು ಎಂದುಕೊಂಡೆ. ನಿಂತು ಅತ್ತುಬಿಟ್ಟೆ. ಯಾರೂ ಅವಸರ ಮಾಡಲಿಲ್ಲ. ಹಮ್ಮೂದಾ ಮಾತ್ರ ಆಚೆ ಕಡೆ ಮುಖ ತಿರುಗಿಸಿ, "ಅತ್ತಿಗೆ, ರೊಟ್ಟಿ ನಾನೇ ತಿಂದುಬಿಡ್ತೀನಿ ನೋಡಿ" ಎಂದ.

ಮನಸ್ಸಿನಲ್ಲಿ ಫಾತಿಹಾ ಪ್ರಾರ್ಥನೆ ಶುರುಮಾಡಿ ನೆಲ ಬಿಟ್ಟೆ. ಮುಗಿಯುವ ಮೊದಲೇ ಕಾಲಿಗೆ ಆಚೆಯ ಮರಳು ಸಿಕ್ಕಿತು. ಅಷ್ಟೇ ಅಗಲ, ಎಮ್ನಾ. ಒಂದು ಫಾತಿಹಾದಷ್ಟೂ ಇಲ್ಲ.

ಕುದುರಿನಲ್ಲಿ ಅಂಜೂರ ಇನ್ನೂ ಹಸಿರು. ಹಳೆಯ ಕಲ್ಲುಮನೆಯ ನೆರಳಿನಲ್ಲಿ ಕೂತು ರೊಟ್ಟಿ ತಿಂದೆವು. ಗೋಡೆಯ ಮೇಲೆ ನೆಜೀಬ್ ನಡಿಗೆಯವರಿಗೆಂದು ಬಳಿದ ನೀಲಿ ಬಾಣದ ಗುರುತು ಹಾಗೇ ಇದೆ. ಅಲ್ಲಿಂದ ಅತಾಯಾ ಚಿಕ್ಕದಾಗಿ, ಯಾರದೋ ಊರಿನ ಹಾಗೆ ಕಾಣುತ್ತದೆ. ಒದ್ದೆ ಅಂಗಿ ಹಿಂಡುತ್ತಿದ್ದಾಗ ಹಮ್ಮೂದಾ ನನ್ನ ಕಾಲನ್ನೇ ನೋಡುತ್ತಾ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ. ಅದನ್ನು ಕೊನೆಯಲ್ಲಿ ಬರೆಯುತ್ತೇನೆ, ಇಲ್ಲಿ ಬೇಡ.

ಇನ್ನು ನನ್ನ ತೀರ್ಮಾನ. ಶಾಲೆ ಮುಚ್ಚಿದ ಮೇಲೆ ಬರುವ ಮೊದಲ ಗುರುವಾರ, ಬೆಳಗಿನ ಫೆರ್ರಿಗೆ ನಾನೇ ಸ್ಫಾಕ್ಸ್‌ಗೆ ಬರುತ್ತೇನೆ. ನಿನ್ನ ಅಣ್ಣನ ಮನೆಗೆ ಬಂದು ಒತ್ತಾಯ ಮಾಡುವುದಿಲ್ಲ. ಬಂದರಿನ ಟಿಕೆಟ್ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಸಂಜೆಯ ಫೆರ್ರಿಯವರೆಗೆ ಕೂತಿರುತ್ತೇನೆ. ಸೀರೀನ್‌ಳನ್ನು ಕರೆದುಕೊಂಡು ಬಂದರೆ ನನಗೂ ಅವಳಿಗೂ ಎರಡು ಟಿಕೆಟ್ ತೆಗೆಯುತ್ತೇನೆ. ನೀನೂ ಫೆರ್ರಿ ಹತ್ತಿದರೆ ಮೂರು. ಯಾರೂ ಬರದಿದ್ದರೆ ಮುಂದಿನ ಗುರುವಾರ ಮತ್ತೆ ಬಂದು ಕೂರುತ್ತೇನೆ. ನನಗೆ ಬೇರೆ ಕೆಲಸವಿಲ್ಲ.

ನಮ್ಮ ಕಡಲು ಯಾರನ್ನೂ ಏನೂ ಮಾಡದು ಎಂದು ಮಗುವಿಗೆ ಹೇಳಿಕೊಡುವುದಿಲ್ಲ. ಮರಳಿರುವ ಕಡೆ ಕಾಲು ಎತ್ತಬೇಡ, ಮರಳು ತಪ್ಪಿದ ಕಡೆ ಎರಡೂ ಕಾಲು ಎತ್ತು ಎಂದು ಹೇಳಿಕೊಡುತ್ತೇನೆ. ಎರಡನೆಯದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಹೇಳಿಕೊಡದೆ ನಾನು ಸಾಯುವುದಿಲ್ಲ.

ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮಗಳ ಆಯಸ್ಸು ಗಟ್ಟಿಯಾಗಲಿ. ಹೋದವನ ಆತ್ಮಕ್ಕೆ ಶಾಂತಿ ಇರಲಿ.

ನಿನ್ನ ಅತ್ತೆ ಎನ್ನುವುದಕ್ಕಿಂತ ತಾಯಿ,
ಮೆಹ್ರೆಜಿಯಾ

ಇನ್ನೊಂದು ಮಾತು: ಇದನ್ನು ಒಬ್ಬಳೇ ಇದ್ದಾಗ ಓದು.

ನೆಜೀಬ್ ತೀರಿಕೊಂಡ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹೊಸ ಪ್ಯಾಂಟಿನ ವಿಷಯಕ್ಕೆ ನೀನು ಅವನಿಗೆ ಹೇಳಿದ್ದು ಕೇಳಿಸಿತ್ತು. "ಇದನ್ನೂ ಉಪ್ಪುನೀರಲ್ಲಿ ಅದ್ದಿ ಹಾಳು ಮಾಡೋದಾದ್ರೆ ವಾಪಸ್ ಬರಲೇಬೇಡ." ಗಂಡಹೆಂಡಿರು ದಿನಾ ಆಡುವ ಮಾತು. ಆದರೆ ಅವನು ಬರಲಿಲ್ಲ. ಬೇಕರಿ ಮುಂದಿನ ಮಾತನ್ನೂ ನೀನು ಕೇಳಿದೆ. ನೀನು ಮನಸ್ಸಿನಲ್ಲಿ ಏನನ್ನು ಹೊತ್ತುಕೊಂಡು ಫೆರ್ರಿ ಹತ್ತಿದೆ ಎಂದು ನನಗೆ ಆವತ್ತೇ ಗೊತ್ತಿತ್ತು. ಅಲ್ಲ ಎಂದು ಹೇಳಲು ನನಗೂ ಖಚಿತವಿರಲಿಲ್ಲ. ಈ ಒಂಬತ್ತು ತಿಂಗಳು ನಾನೂ ಅದನ್ನೇ ಹೊತ್ತುಕೊಂಡು ನಡೆದಿದ್ದೇನೆ.

ಕುದುರಿನಲ್ಲಿ ಹಮ್ಮೂದಾ ನೋಡಿದ್ದು ನಾನು ಮಡಚಿಕೊಂಡಿದ್ದ ಪ್ಯಾಂಟನ್ನು. ದೋಣಿಯಲ್ಲಿ ವಾಪಸ್ಸು ಬರುವಾಗ ತಾನಾಗಿಯೇ ಹೇಳಿದ, "ಅವನದ್ದೂ ಹೀಗೇ ಇತ್ತು ಅತ್ತಿಗೆ. ನಾನು ಅವನನ್ನ ಕಾಲುವೆಯಿಂದ ಎತ್ತಿದಾಗ ಮಂಡಿ ತನಕ ಮಡಚಿತ್ತು. ಬರಿಗಾಲು ಕಾಣ್ತಿರೋ ಹಾಗೆ ಹೆಣ ಹೆಂಗಸರ ಮುಂದೆ ತರೋದು ಸರಿಯಲ್ಲ ಅಂತ ದೋಣೀಲೇ ಬಿಚ್ಚಿ ಸರಿ ಮಾಡ್ದೆ."

ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದೆ. "ಪ್ಯಾಂಟಿನ ವಿಷಯ ಯಾರು ಕೇಳ್ತಾರೆ?" ಎಂದ.

ಮಡಿಕೆ ಹೇಗಿತ್ತು ಎಂದು ಕೇಳಿದೆ. ಅವನು ಹುಟ್ಟು ಬಿಟ್ಟು ಬೆರಳಲ್ಲಿ ತೋರಿಸಿದ. ಎರಡು ಕಾಲಿಗೂ ಸಮವಾಗಿ, ಸಣ್ಣ ಸಣ್ಣ ಮಡಿಕೆ, ಇಸ್ತ್ರಿ ಗೆರೆ ಮುರಿಯದ ಹಾಗೆ. ನೀನು ಹೇಳಿದ್ದನ್ನು ಅವನು ಕೇಳಿದ್ದ, ಎಮ್ನಾ. ಪ್ಯಾಂಟಿಗೆ ಉಪ್ಪುನೀರು ತಾಗಬಾರದೆಂದು ಅಷ್ಟು ಜೋಪಾನವಾಗಿ ಮಡಚಿಕೊಳ್ಳುವುದು ಸಂಜೆ ಮನೆಗೆ ಬರುವವನು.