ನೀಲಿ ಡಬ್ಬಿ, ಪಾರ್ಕಿನ ಸೂಪು

ಹೆಲ್ಸಿಂಕಿ
ಜೂನ್ 12, 2014

ತಂಗಿ ಸೈಮಿ,

ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಹದಿಮೂರಕ್ಕೇ ಶಾಲೆ ಬಿಟ್ಟು ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದವಳಿಗೆ ಪೆನ್ನು ಒಗ್ಗುವುದಿಲ್ಲ. ಇವತ್ತು ಬರೆಯಲು ವಿಷಯವಿದೆ. ನಿನ್ನ ಪರವಾಗಿ ಸೇಡು ತೀರಿಸಿಕೊಂಡು ಬಂದೆ.

ಸೋಮವಾರ ನಮ್ಮ ಪಾರ್ಕಿಗೆ ಹೋಗಿದ್ದೆ. ಕಬ್ಬಿಣದ ಜಾರುಬಂಡೆ ಇಲ್ಲ, ಆ ಜಾಗದಲ್ಲಿ ಪ್ಲಾಸ್ಟಿಕ್ಕಿನ ಆಮೆ. ನಾವು ಬೇಸಿಗೆಯೆಲ್ಲ ಬಿದ್ದುಕೊಂಡಿರುತ್ತಿದ್ದ ಕೊಳ ಮಾತ್ರ ಹಾಗೇ ಇದೆ. ನಗರಸಭೆಯವರು ಮಕ್ಕಳಿಗೆ ಪುಕ್ಕಟೆ ಹಂಚುವ ಬೇಸಿಗೆಯ ಸೂಪೂ ಹಾಗೇ. ಹನ್ನೆರಡಕ್ಕೆ ಮಕ್ಕಳು ಮನೆಯಿಂದ ಬಟ್ಟಲು, ಚಮಚ ತಂದು ಸಾಲು ನಿಲ್ಲುತ್ತವೆ. ಈ ವರ್ಷದ ಮೊದಲ ಸೌಟು ಹಾಕಲು ತ್ಯುನೆ ಬರುತ್ತಾಳೆಂದು ಬಡಾವಣೆಯ ಪತ್ರಿಕೆಯಲ್ಲಿ ಓದಿದ್ದೆ. ‘ಮಕ್ಕಳನ್ನು ಮಡಿಲಲ್ಲಿಟ್ಟು ನೋಡಿಕೊಂಡ ಪಾರ್ಕಿನ ಆಂಟಿ’ ಅಂತೆ! ಪಿತ್ತ ನೆತ್ತಿಗೇರಿತು.

ಅವಳ ಮಡಿಲು ನಿನಗೆ ಗೊತ್ತಲ್ಲ. ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಅಮ್ಮನಿಗೆಂದು, ಏಳು ವರ್ಷದ ನೀನು ಅರ್ಧ ಸೂಪನ್ನು ಮುಚ್ಚಳದ ನೀಲಿ ಡಬ್ಬಿಗೆ ಹಾಕಿ ಸ್ವೆಟರಿನೊಳಗೆ ಬಚ್ಚಿಟ್ಟಿದ್ದೆ. “ಇಲ್ಲೇ ತಿನ್ಬೇಕು, ಮನೆಗೆ ಸಾಗಿಸೋ ಹಾಗಿಲ್ಲ ಕಳ್ಳಿ” ಎಂದು ಅವಳು ಎಲ್ಲರೆದುರು ಅದನ್ನು ಮರಳಿಗೆ ಸುರಿದಳು. ಖಾಲಿ ಡಬ್ಬಿಯನ್ನು ನಿನ್ನ ತಲೆಯ ಮೇಲಿಟ್ಟು ಬೇಲಿಯ ಹತ್ತಿರ ನಿಲ್ಲಿಸಿದಳು. ಹದಿನೇಳಕ್ಕೆ ಸ್ವೀಡನ್ನಿನ ಹಡಗು ಹತ್ತಿದ ನೀನು ಇವತ್ತಿಗೂ ಈ ಊರಿಗೆ ಕಾಲಿಟ್ಟಿಲ್ಲ.

ಇಷ್ಟು ವರ್ಷ ಎತ್ತಿಟ್ಟಿದ್ದ ಅದೇ ಡಬ್ಬಿ ಹಿಡಿದು ಸೋಮವಾರ ಸಾಲಿನಲ್ಲಿ ನಿಂತೆ. ಹಿಂದಿದ್ದ ಪೋರಿಯೊಬ್ಬಳು, “ಅಜ್ಜಿ, ಇದು ಮಕ್ಕಳ ಸಾಲು” ಅಂದಳು.

“ನಾನೂ ಮಗುವಾಗೇ ನಿಂತಿದ್ದು ಕಣೇ. ಸಾಲು ಮುಂದೆ ಹೋಗ್ಲಿಲ್ಲ ಅಷ್ಟೆ.”

ತ್ಯುನೆಗೆ ಎಂಬತ್ತು ದಾಟಿದೆ, ಗಾಲಿಕುರ್ಚಿಯಲ್ಲಿ ಕೂತಿದ್ದಳು. ಸೂಪು ಹಾಕಿ, “ಬಿಸಿ ಇದೆ, ನಿಧಾನ ಕಣಮ್ಮ” ಅಂದಳು. ನಾನು ಡಬ್ಬಿ ಬಗ್ಗಿಸಿ ಅವಳ ಕುರ್ಚಿಯ ಮುಂದೆ ಮರಳಿಗೆ ಸುರಿದೆ, ಕೊನೆಯ ಬಟಾಣಿ ಬೀಳುವ ತನಕ.

“ಅಯ್ಯೋ, ಏನಮ್ಮಾ ಇದು!”

“ಮನೆಗೆ ಸಾಗಿಸೋ ಹಾಗಿಲ್ವಲ್ಲ, ಅದಕ್ಕೆ. ಸೈಮಿ ಅನ್ನೋ ಮಗು ನೆನಪಿದ್ಯಾ? ತಲೆ ಮೇಲೆ ಡಬ್ಬಿ ಹೊರಿಸಿದ್ರಲ್ಲ?”

 ಪತ್ರಿಕೆಯ ಫೋಟೋದವನು ಕ್ಯಾಮೆರಾ ಇಳಿಸಿದ. ಅವಳು ಸೌಟನ್ನು ಪಾತ್ರೆಯೊಳಗೆ ಬಿಟ್ಟು ತಲೆ ತಗ್ಗಿಸಿದಳು. ನೋಡಿ ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ?

ದೇವರು ನಿನ್ನ ಮೊಣಕಾಲಿನ ಮೇಲೆ ಸ್ವಲ್ಪ ಕರುಣೆ ಇಡಲಿ, ನಿನ್ನ ಮನೆ ಬೆಚ್ಚಗಿರಲಿ.

ನಿನ್ನ ಅಕ್ಕ,
ಐಲಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ತ್ಯುನೆ ಇನ್ನೊಂದು ಮಾತು ಹೇಳಿದಳು, ನನಗೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ: “ಆ ಡಬ್ಬಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನೀನೇ ಬಂದು ಹೇಳಿದ್ದಲ್ವಾ, ಐಲಿ?”

ಹೌದು. ನೀನು ಮೂರು ದಿನ ಸೂಪು ಒಯ್ದೆ, ಮೂರು ದಿನವೂ ಅಮ್ಮ ನಿನ್ನ ತಲೆ ಸವರಿದಳು, ನನ್ನದನ್ನಲ್ಲ. ನಾಲ್ಕನೇ ದಿನ ನಾನು ಹೋಗಿ ಚಾಡಿ ಹೇಳಿದೆ. ಡಬ್ಬಿ ತೊಳೆದಿಟ್ಟಿದ್ದೇನೆ. ಜುಲೈ ಮುಗಿಯುವ ತನಕ ಸೂಪು ಇರುತ್ತದೆ. ಬಂದು ಅದನ್ನು ನನ್ನ ತಲೆಯ ಮೇಲಿಡು. ಬೇಲಿಯ ಹತ್ತಿರ ನಿಲ್ಲುತ್ತೇನೆ.