ಗೆರೆಮನೆಯ ಹಿಂದಿನ ಬರೆ

ವಾಮದಪದವು
19-5-2001

ಪ್ರೀತಿಯ ಫೈಝಲ್ ಅಣ್ಣಾ, ಅಸ್ಸಲಾಮು ಅಲೈಕುಂ.

ನೀನು ಹುಷಾರಿದ್ದೀಯಲ್ಲ? ಬೆನ್ನುನೋವು ಹೇಗುಂಟು? ಶಾರ್ಜಾದಲ್ಲಿ ಈಗ ಸೆಕೆ ಜೋರಾಗಿರಬೇಕು. ಮಧ್ಯಾಹ್ನ ಕಬ್ಬಿಣ ಮುಟ್ಟಿದರೆ ಅಂಗೈ ಸುಡ್ತದೆ ಅಂತ ಹೋದ ವರ್ಷ ಬರೆದಿದ್ದೆ. ನೀರು ಕುಡಿ ಮಾರಾಯ, ಬರೀ ಚಾದಲ್ಲಿ ದಿನ ದೂಡಬೇಡ. ಇಲ್ಲಿ ನಾವೆಲ್ಲ ಕ್ಷೇಮ. ಉಮ್ಮನ ಮೊಣಕಾಲು ಮೆಟ್ಟಿಲು ಕಂಡರೆ ಮಾತ್ರ ನೋಯುವುದು, ಮದುವೆಮನೆ ಕಂಡರೆ ಇಲ್ಲ. ಶಬ್ನಾ ಅತ್ತಿಗೆಗೆ ಎಂಟನೇ ತಿಂಗಳು. ಹುಳಿಮಾವಿಗೆ ಉಪ್ಪು ಹಚ್ಚಿ ಕದ್ದು ತಿಂತಾಳೆ, ನಾನು ಕಂಡರೂ ಕಾಣದ ಹಾಗೆ ಇರ್ತೇನೆ. ಕೊಕ್ಕಡದ ಅಬ್ದುಲ್ ರವೂಫ್ ಅವರ ರಜೆ ಮುಗಿಯಿತು, ಇವತ್ತೇ ಬೊಂಬಾಯಿಗೆ ಬಸ್ಸು, ಅಲ್ಲಿಂದ ವಿಮಾನ. ಈ ಕಾಗದ, ಉಮ್ಮನ ಉಪ್ಪಿನಕಾಯಿ, ಹಪ್ಪಳದ ಕಟ್ಟು ಎಲ್ಲ ಅವರ ಕೈಯಲ್ಲೇ ಬರ್ತದೆ. ಬರೆದದ್ದನ್ನು ಬಾಪನಿಗೆ ಓದಲು ಕೊಟ್ಟು ಆಮೇಲೆ ಅಂಟಿಸಬೇಕಂತೆ. "ದೂರದಲ್ಲಿರುವವನ ತಲೆ ಕೆಡಿಸುವಂಥದ್ದು ಬರೀಬೇಡ" ಅಂತ ಅಪ್ಪಣೆಯಾಗಿದೆ. ಈ ಮನೆಗೆ ಅದೇನು ಹೊಸ ಕಾನೂನಾ? ಅಜ್ಜಿ ಹಾಸಿಗೆ ಹಿಡಿದದ್ದು ನಿನಗೆ ಗೊತ್ತಾದದ್ದೇ ಅವರನ್ನು ಮಣ್ಣು ಮಾಡಿದ ಮೇಲೆ. ನನಗೆ ಆ ಸಿಟ್ಟು ಇನ್ನೂ ಹೋಗಿಲ್ಲ.

ಹಾಗಾಗಿ ತಮಾಷೆಯ ವಿಷಯ ಬರೀತೇನೆ. ಇದನ್ನು ಬಾಪ ಜಂಕ್ಷನ್ನಿನ ಅಂಗಡಿಯಲ್ಲಿ ಎಲ್ಲರಿಗೂ ಹೇಳಿ ನಗಾಡಿ ಆಗಿದೆ. ನಿಮ್ಮ ಸೈಟಿನ ಇಂಜಿನಿಯರ್ ಹೊಸತು ತೆಗೆದುಕೊಂಡು ಹಳೆಯದನ್ನು ನಿನಗೆ ಕೊಟ್ಟ, ನೀನು ನನಗೆ ತಂದುಕೊಟ್ಟ ಆ ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಉಂಟಲ್ಲ, ಅದರಲ್ಲಿ ನಾನೊಂದು ಪ್ರೋಗ್ರಾಂ ಬರೆದಿದ್ದೇನೆ. ಮೂಡಬಿದ್ರೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕೂತು ಕೂತೇ ಮುಕ್ಕಾಲು ಪಾಲು ಬರೆದದ್ದು. ನಮ್ಮ ಗಣಿತದ ಮೇಷ್ಟ್ರೇ ಆ ಯಂತ್ರವನ್ನು ಎಳೆಮಗು ಎತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಹಿಡಿದು ನೋಡಿದ್ರು, ನನಗೆ ಎಷ್ಟು ಜಂಬ ಅಂತೀಯ! ಕೆಲಸ ಇಷ್ಟೇ. ಒಂದು ವಸ್ತುವಿನ ಪ್ರತಿ ಮೂಲೆಗೂ ಮೂರು ಸಂಖ್ಯೆ ಕೊಡಬೇಕು: ಬಲಕ್ಕೆ ಎಷ್ಟು, ಒಳಕ್ಕೆ ಎಷ್ಟು, ಎತ್ತರ ಎಷ್ಟು. ಯಾವ ಮೂಲೆಗೆ ಯಾವ ಮೂಲೆ ಸೇರಬೇಕು ಅಂತಲೂ ಹೇಳಬೇಕು. ಆಮೇಲೆ ಸೈನ್, ಕೊಸೈನ್ ಹಾಕಿ ಅದನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು, ದೂರದ್ದು ಸಣ್ಣದಾಗಿ ಹತ್ತಿರದ್ದು ದೊಡ್ಡದಾಗಿ ಕಾಣ್ತದೆ. ಪಾಪ, ಯಂತ್ರ ನಿಧಾನ. ಒಂದೊಂದೇ ಗೆರೆ ಎಳೆದು ಮುಗಿಸುವಾಗ ಒಂದು ಚಾ ಕುಡಿದು ಲೋಟ ತೊಳೆದಿಡಬಹುದು. ಗೋಡೆ ಇಲ್ಲ, ಮಾಡು ಇಲ್ಲ, ತಂತಿಯಲ್ಲಿ ಕಟ್ಟಿದ ಗೂಡಿನ ಹಾಗೆ ಬರೀ ಗೆರೆ, ಈಚೆಯಿಂದ ಆಚೆಯದ್ದೆಲ್ಲ ಕಾಣ್ತದೆ. ಮೊದಲ ಸಲ ನಮ್ಮ ಮನೆ ಬಿಡಿಸಿದರೆ ಗಾಳಿಗೆ ಮಗುಚಿದ ಕೊಡೆಯ ಹಾಗೆ ಬಂತು. ನೋಡಿದರೆ ನಾನು ಕೋನವನ್ನು ಡಿಗ್ರಿಯಲ್ಲಿ ಕೊಟ್ಟಿದ್ದೆ, ಯಂತ್ರ ರೇಡಿಯನ್ ಅನ್ನುವ ಬೇರೆ ಅಳತೆಯಲ್ಲಿ ಕೂತಿತ್ತು. ಸರಿ ಮಾಡಿದ ಮೇಲೆ ನಮ್ಮ ಮನೆ ಬಂತು ನೋಡು ಅಣ್ಣಾ, ಜಗಲಿ, ಚಾವಡಿ, ಹಿಂದೆ ನಿನ್ನ ಹೊಸ ಕೋಣೆ, ಅದಕ್ಕೆ ಅಂಟಿದ ಬಚ್ಚಲು. ಉಮ್ಮ ಕನ್ನಡಕ ಹಾಕಿ ನೋಡಿ ಮಾಶಾ ಅಲ್ಲಾಹ್ ಅಂದ್ರು.

ಮನೆ ಹಿಂದಿನ ಬರೆಯನ್ನೂ, ಗುಡ್ಡ ಕಡಿದಾಗ ಉಳಿದ ಆ ಮಣ್ಣಿನ ಗೋಡೆಯನ್ನೂ, ಸೇರಿಸುವ ಅಂತ ನನಗೇ ಆಸೆಯಾಯಿತು. ನಿನಗೆ ನೆನಪುಂಟಲ್ಲ, ಕೋಣೆ ಕಟ್ಟುವಾಗ ಜಾಗ ಸಾಲದೆ ಗುಡ್ಡ ಕಡಿಸಿದ್ದು? ಬಚ್ಚಲಿಗೆ ಜಾಗ ಸಾಲುವುದಿಲ್ಲ ಅಂತ ಬಾಪ ಹೇಳಿದ್ದಕ್ಕೆ ನೀನೇ ಫೋನಿನಲ್ಲಿ, "ಇನ್ನೂ ಸ್ವಲ್ಪ ತೆಗೆಸಿ ಬಾಪ, ನನ್ನ ಹೆಂಡತಿ ಹೊರಗಿನ ಬಚ್ಚಲಿಗೆ ಹೋಗಬಾರದು" ಅಂದೆ. ಜೆಸಿಬಿ ಮತ್ತೆ ಬಂತು. ಈಗ ಬಚ್ಚಲಿನ ಹಿಂದೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು ಬರೆ ನೆಟ್ಟಗೆ ನಿಂತಿದೆ, ಮೇಲೆ ಕೆಂಪು ಮುರಕಲ್ಲು, ಕೆಳಗೆ ಮೆತ್ತನೆಯ ಬಿಳಿ ಶೇಡಿಮಣ್ಣು. ಚಳಿಗಾಲದಲ್ಲಿ ನಾನು ಏಣಿ ಇಟ್ಟು ಬರೆಯಲ್ಲಿ ಅಲ್ಲಲ್ಲಿ ಗೂಟ ಹೊಡೆದು, ಕೋಣೆಯ ಗೋಡೆಯಿಂದ ಒಂದೊಂದಕ್ಕೂ ದಾರ ಹಿಡಿದು ಅಳೆದು, ಪ್ರೋಗ್ರಾಮಿಗೆ ಹಾಕಿದೆ. ಬಲೆ ಬೀಸಿದ ಹಾಗೆ ಚಂದ ಬಂತು. ಹೋದ ತಿಂಗಳು ಪರೀಕ್ಷೆ ಮುಗಿದ ಮೇಲೆ ಇನ್ನೂ ಚಂದ ಮಾಡುವ ಅಂತ ನಾಲ್ಕಾರು ಗೂಟ ಹೆಚ್ಚು ಹೊಡೆದೆ. ಹೊಸ ಗೆರೆ ಹಳೆಯ ಗೆರೆಗೆ ಕೂಡಲೇ ಇಲ್ಲ. ಬಲೆ ಒಂದು ಕಡೆ ಹರಿದ ಹಾಗೆ ಕಾಣ್ತಿತ್ತು.

ತಪ್ಪು ನನ್ನದೇ ಅಂದುಕೊಂಡೆ. ಪ್ರೋಗ್ರಾಮಿನ ಸಾಲು ಸಾಲು ಹುಡುಕಿದೆ, ಎಲ್ಲಿಯೂ ಕೊರತೆ ಇಲ್ಲ. ಉಮ್ಮನ ಕಪಾಟು ಅಳೆದು ಹಾಕಿದೆ, ಸರಿ ಬಂತು. ಬಾವಿಕಟ್ಟೆ ಹಾಕಿದೆ, ಸರಿ ಬಂತು. ಬರೆ ಮಾತ್ರ ತಪ್ಪು ಬರ್ತದೆ. ಕೊನೆಗೆ ಹಳೆಯ ಗೂಟಗಳನ್ನೇ ತಿರುಗಿ ಅಳೆದೆ. ಎಲ್ಲವೂ ಮನೆಯ ಕಡೆಗೆ ಬಂದಿವೆ ಅಣ್ಣಾ. ಮೇಲಿನವು ನಾಲ್ಕು ಬೆರಳು, ಬುಡದವು ಒಂದು ಗೇಣು. ಶೇಡಿಮಣ್ಣು ಹೊಟ್ಟೆ ಬಿಟ್ಟ ಹಾಗೆ ಉಬ್ಬಿದೆ. ಹಳೆಯದು, ಹೊಸದು ಎರಡನ್ನೂ ಒಂದೇ ಪರದೆಯಲ್ಲಿ ಬಿಡಿಸಿ ಬಾಪನಿಗೆ ತೋರಿಸಿದೆ. "ಗುಡ್ಡ ನಡೀತದಾ ಮಾರಾಯ್ತಿ? ನಿನ್ನ ಗೂಟ ಸಡಿಲ" ಅಂದ್ರು. ಗೂಟ ಅಲ್ಲಾಡಿಸಿದರೆ ಕಲ್ಲಿನ ಹಾಗೆ ಗಟ್ಟಿ ಕೂತಿದೆ. ಅಂಗಡಿಯಲ್ಲಿ ಈಗ ನನ್ನನ್ನು ಕಂಡರೆ ಸಾಕು, ಗುಡ್ಡ ಎಲ್ಲಿಗೆ ಮುಟ್ಟಿತು ಅಂತ ಕೇಳ್ತಾರೆ. ಕೇಳಲಿ. ನನಗೆ ನಗು ಬರುವುದಿಲ್ಲ.

ಅತ್ತಿಗೆಯ ತಾಯಿ ಮನೆಯವರು ಏಳನೇ ತಿಂಗಳಲ್ಲಿ ತಿಂಡಿಯ ತಟ್ಟೆಗಳನ್ನು ಹೊತ್ತುಕೊಂಡು ಮೂಡಬಿದ್ರೆಯಿಂದ ಕರೆದುಕೊಂಡು ಹೋಗಲು ಬಂದದ್ದು, ನೀನು ಬೇಡ ಅಂದದ್ದು ನಿನಗೆ ಗೊತ್ತೇ ಉಂಟು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತಾಯಿ ಮನೆಗೆ ಹೋಗುವುದೇ ಪದ್ಧತಿ. ಆದರೆ ನೀನು, "ಬಾಡಿಗೆ ಮನೆಗೆ ಯಾಕೆ ಕಳಿಸುವುದು, ನಾನು ಕಟ್ಟಿಸಿದ ಕೋಣೆಯಲ್ಲೇ ನನ್ನ ಮಗುವಿನ ತೊಟ್ಟಿಲು ತೂಗಲಿ" ಅಂದೆ. ಅವರು ತಟ್ಟೆ ಬಿಟ್ಟು ಬರಿಗೈಯಲ್ಲಿ ಹೋದ್ರು. ಅವಳ ತಾಯಿ ಗೇಟಿನ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿದ್ದು ನನಗೆ ಮರೀಲಿಕ್ಕೆ ಆಗುವುದಿಲ್ಲ. ಮಳೆಗಾಲ ಮುಗಿಯುವವರೆಗಾದರೂ ನನ್ನ ಕೋಣೆಗೆ ಬಾ ಅಂತ ಅತ್ತಿಗೆಯನ್ನು ಕರೆದೆ. "ನಿನ್ನ ಅಣ್ಣ ಹೇಳಲಿ, ಬರ್ತೇನೆ" ಅಂತಾಳೆ. ಬಾಪನಿಗೆ ಹೇಳಿದರೆ, ಅವನು ಅಷ್ಟು ಆಸೆಯಿಂದ ಕಟ್ಟಿಸಿದ ಕೋಣೆಯಿಂದ ಅವನ ಹೆಂಡತಿಯನ್ನೇ ಎಬ್ಬಿಸಿದರೆ ಅವನಿಗೆ ಹೇಗಾಗಬೇಡ ಅಂತಾರೆ. ಶುಕ್ರವಾರ ನಿನ್ನ ಫೋನ್ ಬಂದಾಗ ಎಲ್ಲರೂ ಸುತ್ತ ನಿಂತಿರ್ತಾರೆ, ಅತ್ತಿಗೆಯೂ. ನಿನ್ನ ಕ್ಯಾಂಪಿಗೆ ನಾವಾಗಿ ಫೋನ್ ಮಾಡುವ ಅಂದರೆ ನಂಬರೇ ಇಲ್ಲ. ಇಲ್ಲಿ ಮಳೆ ಇನ್ನೂ ಹಿಡಿದಿಲ್ಲ, ಸಂಜೆ ಮಾತ್ರ ಚಾರ್ಮಾಡಿಯ ಕಡೆ ಕಪ್ಪಾಗ್ತದೆ.

ಉಮ್ಮ, ಅತ್ತಿಗೆ ಸಲಾಂ ಹೇಳಿದ್ದಾರೆ. ನಿನ್ನ ಆರೋಗ್ಯಕ್ಕೆ ದಿನಾ ದುಆ ಮಾಡ್ತೇವೆ. ಕೆಳಗೆ ಬಾಪ ಬರೀತಾರಂತೆ, ಪೆನ್ನು ಕೊಡ್ತೇನೆ.

ನಿನ್ನ ತಂಗಿ,
ರಾಫಿಯಾ

ಮಗನೇ, ಇಲ್ಲಿ ಎಲ್ಲ ಸುಖ. ಹುಡುಗಿಗೆ ಯಂತ್ರದ ಹುಚ್ಚು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೆಲಸ ನೋಡಿಕೋ. — ಅಬೂಬಕ್ಕರ್

ಅಣ್ಣಾ, ಬಾಪ ಓದಿ ಕೊಟ್ಟಾಯಿತು, ರವೂಫರ ಜೀಪು ಗೇಟಿನಲ್ಲಿ ನಿಂತಿದೆ, ಗಡಿಬಿಡಿಯಲ್ಲಿ ಬರೀತಿದ್ದೇನೆ. ಬಚ್ಚಲಿನ ಬಾಗಿಲು ಹಿಡೀತದೆ ಅಂತ ಆಚಾರಿ ಧರ್ಣಪ್ಪಣ್ಣ ಆಗಾಗ ಬಂದು ಹತ್ರಿ ಹಾಕಿ ಅಂಚು ಸವರಿ ಹೋಗ್ತಿದ್ರು. ಮರ ಉಬ್ಬುವುದು ಮಳೆಗಾಲದಲ್ಲಿ, ಈ ಬೇಸಿಗೆಯಲ್ಲಿ ಹೇಗೆ ಉಬ್ಬೀತು? ಇವತ್ತು ಬೆಳಿಗ್ಗೆ ಅತ್ತಿಗೆ ಒಳಗೆ ಸಿಕ್ಕಿಬಿದ್ದಳು. ಒಳಗಿಂದ ಅವಳು ಎಳೆದರೂ, ಹೊರಗಿಂದ ನಾವು ದೂಡಿದರೂ ಬಾಗಿಲು ಬರಲಿಲ್ಲ. ಧರ್ಣಪ್ಪಣ್ಣ ಬಂದು ಕೀಲು ಕಿತ್ತು ತೆಗೆದ್ರು. ಅವಳು ನಗ್ತಾ ಹೊರಗೆ ಬಂದಳು, ಆದರೆ ಜಗಲಿ ಮುಟ್ಟುವವರೆಗೆ ನನ್ನ ತೋಳು ಬಿಡಲಿಲ್ಲ. ಬಚ್ಚಲಿನ ಹಿಂದೆ ಹೋಗಿ ನೋಡಿದರೆ ಮಣ್ಣು ಗೋಡೆಗೆ ಒತ್ತಿ ನಿಂತಿದೆ, ನಡೆಯಲು ಜಾಗವೇ ಇಲ್ಲ. ಗುಡ್ಡದ ಮೇಲೆ ಹತ್ತಿದೆ. ಉದ್ದಕ್ಕೆ ನೆಲ ಬಿರಿದಿದೆ, ನನ್ನ ಕೈ ಮೊಣಕೈವರೆಗೆ ಒಳಗೆ ಹೋಯಿತು. ಬಾಪನಿಗೆ ಹೇಳಿದೆ, "ಬೇಸಿಗೆಗೆ ನೆಲ ಬಿರಿಯುವುದು ಇದ್ದದ್ದೇ" ಅಂದ್ರು. ನನಗೆ ಹೆದರಿಕೆ ಆಗ್ತಾ ಉಂಟು ಅಣ್ಣಾ.

ಹಪ್ಪಳದ ಕಟ್ಟಿನೊಳಗೆ ಕ್ಯಾಲ್ಕುಲೇಟರ್ ಇಟ್ಟಿದ್ದೇನೆ. ಬಾಪನಿಗೆ ಗೊತ್ತಿಲ್ಲ. ಬ್ಯಾಟರಿ ತೆಗೀಬೇಡ, ಎಲ್ಲ ಅಳಿಸಿ ಹೋಗಬಹುದು. MANE ಅಂತ ಹೆಸರಿನ ಪ್ರೋಗ್ರಾಂ ಓಡಿಸಿ ತಾಳ್ಮೆಯಿಂದ ನೋಡು. ಮೊದಲು ಮನೆ ಬರ್ತದೆ, ಆಮೇಲೆ ಚಳಿಗಾಲದ ಬರೆ, ಆಮೇಲೆ ಹೋದ ತಿಂಗಳಿನದ್ದು. ನೀನು ದಿನಾ ನಕ್ಷೆ ನೋಡಿ ಕಬ್ಬಿಣ ಕಟ್ಟುವವನು, ನಿನಗೆ ಯಾರೂ ವಿವರಿಸಬೇಕಾಗಿಲ್ಲ. ಇವತ್ತಿನ ಬರೆ ಅದರಲ್ಲಿ ಇಲ್ಲ. ಶುಕ್ರವಾರಕ್ಕೆ ಕಾಯಬೇಡ. ನೋಡಿದ ಕೂಡಲೇ ಫೋನ್ ಮಾಡಿ ಅವಳ ಹತ್ತಿರವೇ "ತಾಯಿ ಮನೆಗೆ ಹೋಗು" ಅಂತ ಹೇಳು. ನಿನ್ನ ಆ ಒಂದು ಮಾತಿಗೆ ಎಲ್ಲರೂ ಕಾಯ್ತಿದ್ದಾರೆ. ಜೀಪಿನ ಹಾರ್ನ್ ಆಗ್ತಾ ಉಂಟು. ಧರ್ಣಪ್ಪಣ್ಣ ಬಾಗಿಲು ತಿರುಗಿ ಕೂರಿಸಿದ್ರು. ಸರಿಯಾಯಿತು ನೋಡಿ ಅಂತ ಅತ್ತಿಗೆ ಒಳಗೆ ಹೋಗಿ ಚಿಲಕ ಹಾಕಿ ತೋರಿಸ್ತಾ ಇದ್ದಾಳೆ.