ಅಬಿಸೀನಿಯಾದ ದೊರೆಯ ಪಾಠ

ಜುಬೇದಾ,

ನೀನು ನಮ್ಮ ಶಾಲೆ ಬಿಟ್ಟು ಹರಿಹರಕ್ಕೆ ವರ್ಗ ಮಾಡಿಸಿಕೊಂಡು ಹೋಗಿ ಮೂರು ವರ್ಷವಾಯಿತು. ನಿಟ್ಟುವಳ್ಳಿಯ ನನ್ನ ಮನೆಯಿಂದ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ನಾನು ಒಮ್ಮೆಯೂ ಬರಲಿಲ್ಲ. ಈ ಕಾಗದವನ್ನೂ ಅಂಚೆಗೆ ಹಾಕುವುದಿಲ್ಲ.

ಇವತ್ತು ಎಂಟನೇ ತರಗತಿಗೆ ಇಸ್ಲಾಂ ಹುಟ್ಟಿದ ಪಾಠ ಮಾಡುತ್ತಿದ್ದೆ. ದೇವರೊಬ್ಬನೇ, ಅವನ ಮುಂದೆ ಗುಲಾಮನೂ ಒಡೆಯನೂ ಸಮ ಎಂದು ನಂಬಿದ್ದಕ್ಕೆ ಮೆಕ್ಕಾದಲ್ಲಿ ಹಿಂಸೆಗೆ ಸಿಕ್ಕ ಕೆಲವರು ಕಡಲು ದಾಟಿ, ಅಬಿಸೀನಿಯಾದ ಕ್ರೈಸ್ತ ದೊರೆಯ ಆಶ್ರಯ ಬೇಡಿದರು. ಮೆಕ್ಕಾದ ಪ್ರಮುಖರು ಕಾಣಿಕೆ ಕಳಿಸಿ, ಅವರನ್ನು ಒಪ್ಪಿಸಿ ಎಂದರು. ಅಷ್ಟು ಹೇಳುವಾಗ ಒಬ್ಬ ಹುಡುಗಿಯ ತಂದೆ ಮುರುಗೇಶಪ್ಪ ಬಾಗಿಲಿಗೆ ಬಂದು ನಿಂತರು.

"ಈ ಪಾಠ ಯಾಕ ಬೇಕ್ರಿ ಮೇಡಂ? ಬಿಟ್ಟು ಮುಂದಕ್ಕ ಹೋಗ್ರಿ."

"ಪುಸ್ತಕದಾಗ ಐತ್ರಿ," ಎಂದೆ.

ಅವರ ಮಗಳೇ ಎದ್ದು ನಿಂತಳು. "ಆ ರಾಜ ಅವ್ರನ್ನ ಹಿಡಿದು ಕೊಟ್ನೇನ್ರಿ ಮಿಸ್?"

"ಇಲ್ಲವ್ವ. ಮೊದ್ಲು ಅವ್ರ ಮಾತು ಕೇಳಿದ. ಆಮ್ಯಾಲೆ ಕಾಣಿಕೆ ವಾಪಸ್ ಕಳಿಸಿದ."

ಮುರುಗೇಶಪ್ಪ ಸೀದಾ ಹೆಡ್‌ಮಾಸ್ಟರ ಕೋಣೆಗೆ ನಡೆದರು. ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಕ್ಷಮಾಪಣೆ ಪತ್ರ ನನ್ನ ಮುಂದೆ ಬಂತು. ಸಹಿ ಹಾಕಲಿಲ್ಲ.

"ಇವ್ರು ಮಾಡಿದ್ದು ಸರಿ ಅನ್ನೋರು ಯಾರಾದ್ರೂ ಇದ್ದೀರೇನ್ರಿ?" ಎಂದು ಹೆಡ್‌ಮಾಸ್ಟರು ಎಲ್ಲರನ್ನೂ ಕೇಳಿದರು.

ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರೂ ನೋಟ್‌ಬುಕ್ ತಿದ್ದುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಜುಬೇದಾ. ಇದೇ ಪಾಠಕ್ಕೆ ನಿನ್ನನ್ನು ನಿಲ್ಲಿಸಿ ಹೆಡ್‌ಮಾಸ್ಟರು ನಮ್ಮೆಲ್ಲರನ್ನೂ ಹೀಗೇ ಕೇಳಿದ ದಿನ, ಹಿಂದಿನ ಸಂಜೆಯೇ ತಿದ್ದಿ ಮುಗಿಸಿದ್ದ ನೋಟ್‌ಬುಕ್ಕುಗಳನ್ನು ನಾನು ಮತ್ತೆ ತಿದ್ದುತ್ತಿದ್ದೆ.